ಚಿತ್ರಪ್ರತಿಗಳ ಸಾಗಣೆಯಲ್ಲಿ ಫೈಲಿನ ಗಾತ್ರಮಿತಿ

ಓಲೆಗರಿ ಗ್ರಂಥದ ಚಿತ್ರಪ್ರತಿಯನ್ನು ಗಣಕಯಂತ್ರದಿಂದ ಬೇರೊಂದು ಡಿಸ್ಕಿಗೆ ಸಾಗಿಸುವಾಗ, ಅಲ್ಲಿ ಸ್ಥಳವು ಯಥೇಷ್ಟವಾಗಿದ್ದರೂ ಫೈಲು ಮಿತಿಮೀರಿ ದೊಡ್ಡದೆಂಬ ಸೂಚನೆ ಬರುವುದುಂಟು. ಇದಕ್ಕೆ ಕಾರಣ ಸ್ಥಳಾಭಾವವಲ್ಲ. ‘ಫ್ಯಾಟ್ ೩೨’ ಪದ್ಧತಿಯಲ್ಲಿ ಸಿದ್ಧಪಡಿಸಿದ ಡಿಸ್ಕು ಪ್ರತಿಯೊಂದು ಫೈಲಿನ ಗಾತ್ರವನ್ನು ೩೨ ಬಿಟ್‌ಗಳಲ್ಲಿ ದಾಖಲಿಸುತ್ತದೆ. ಆದುದರಿಂದ ೪,೨೯,೪೯,೬೭,೨೯೫ ಬೈಟ್‌ಗಳನ್ನು ಮೀರಿದ ಒಂದೇ ಫೈಲನ್ನು ಅದು ಸ್ವೀಕರಿಸದು. ಇಡೀ ಕಟ್ಟನ್ನು ಒಂದೇ ಪಿಡಿಎಫ್ ಮಾಡಿದಲ್ಲಿ ಈ ತೊಡಕು ಒದಗಬಹುದು.

ಆಗ ಚಿತ್ರದ ಸ್ಫುಟತೆಯನ್ನು ತಗ್ಗಿಸುವುದು ಯುಕ್ತವಲ್ಲ. ಮಹಾಪ್ರಾಣದ ಕಿರುಸೀಳು ಮಸುಳಿದರೆ ‘ಧನ’ವು ‘ದನ’ವಾಗಿ ಪಾಠವೇ ಕೆಡುತ್ತದೆ. ಗರಿಯ ಒಂದೊಂದು ಪಾರ್ಶ್ವಕ್ಕೂ ಪ್ರತ್ಯೇಕ ಫೈಲನ್ನು ಮಾಡಿ, ಗರಿಸಂಖ್ಯೆಯನ್ನೇ ಹೆಸರಾಗಿ ಇಡುವುದು ಲೇಸು. ಅಥವಾ ಡಿಸ್ಕಿನಲ್ಲಿರುವುದೆಲ್ಲವನ್ನೂ ಮೊದಲು ಬೇರೆಡೆ ಕಾಪಿಟ್ಟು, ಅದನ್ನು ‘ಎಕ್ಸ್‌ಫ್ಯಾಟ್’ ಪದ್ಧತಿಗೆ ಅಣಿಗೊಳಿಸಬೇಕು; ಅಣಿಗೊಳಿಸುವಾಗ ಹಿಂದಿನದೆಲ್ಲ ಅಳಿಯುತ್ತದೆ. ಸಾಗಿಸಿದ ಪ್ರತಿಯನ್ನು ಮೂಲದೊಡನೆ ತಾಳೆ ನೋಡುವವರೆಗೆ ಮೂಲವನ್ನು ಅಳಿಸಲಾಗದು.