ಅಬ್ಬಿಗೂ ಎಂಜಿನ್ನಿಗೂ ನಡುವೆ

ಆಗಸ್ಟ್ ಮೊದಲ ವಾರ. ಅಪ್ಸರಕೊಂಡದ ಅಬ್ಬಿ ಮೈದುಂಬಿ ಧುಮುಕುತ್ತಿದೆ. ಕೊಂಡಕ್ಕಿಳಿಯುವ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ. ಮಳೆ ಹೊಳವಾದರೂ ಎಲೆಗಳಿಂದ ನೀರು ತೊಟ್ಟಿಕ್ಕುವುದು ನಿಂತಿಲ್ಲ. ಪಕ್ಕದವರ ಮಾತು ಕೇಳಬೇಕೆಂದರೆ ಅವರ ಬಾಯಿಯ ಹತ್ತಿರಕ್ಕೆ ಕಿವಿ ಒಯ್ಯಬೇಕು. ಗುಡ್ಡದ ನೆತ್ತಿಗೆ ಹತ್ತಿದರೆ ಅಬ್ಬಿ ಹಿಂದಾಗಿ ಕಡಲು ಎದುರಾಗುತ್ತದೆ. ಬಲಕ್ಕೆ ಕಾಸರಕೋಡಿನ ಗಾಳಿಮರಗಳು, ಅವುಗಳಾಚೆ ಶರಾವತಿಯ ಅಳಿವೆ. ಬೆನ್ನ ಹಿಂದೆ 66ನೇ ಹೆದ್ದಾರಿಯ ಲಾರಿಗಳು.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಈಗಷ್ಟೇ ಮುಗಿದಿದೆ. ಎರಡು ತಿಂಗಳು ದಕ್ಕೆಯಲ್ಲಿ ತೂಗುತ್ತಿದ್ದ ಟ್ರಾಲ್ ಬೋಟುಗಳು ಅಳಿವೆ ದಾಟಿ ಹೊರಬರುತ್ತಿವೆ. ಬೋಟು ಕಣ್ಣಿಗೆ ಬೀಳುವ ಮೊದಲೇ ಅದರ ಡೀಸೆಲ್ ಎಂಜಿನ್ನಿನ ಧಡಧಡ ಎದೆಗೆ ಬಂದು ತಾಗುತ್ತದೆ.

ಅಬ್ಬಿಯದೂ ಸದ್ದೇ, ಎಂಜಿನ್ನಿನದೂ ಸದ್ದೇ. ಆದರೆ ಅಬ್ಬಿಯ ಸದ್ದಿನಲ್ಲಿ ಒಂದು ಕ್ಷಣ ಹಿಂದಿನ ಕ್ಷಣದ ನಕಲಲ್ಲ. ಎಷ್ಟೋ ಹನಿಗಳು ಎಲ್ಲೆಲ್ಲೋ ಬಡಿದು ಎದ್ದ ಮೊರೆತ ಅದು. ಎಂಜಿನ್ನಿಗೆ ಲೆಕ್ಕವಿದೆ. ಆರು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಅದರೊಳಗೆ ಸೆಕೆಂಡಿಗೆ 75 ಸಲ ಡೀಸೆಲ್ ಹೊತ್ತಿಕೊಳ್ಳುತ್ತದೆ. ಮುಂದಿನ ಹೊಡೆತ ಯಾವಾಗ ಬೀಳುತ್ತದೆಂದು ಮೊದಲೇ ಗೊತ್ತು. ಸದ್ದನ್ನು ಸದ್ದಿನಿಂದಲೇ ಅಡಗಿಸುವ ತಂತ್ರ, ಆಕ್ಟಿವ್ ನಾಯ್ಸ್ ಕಂಟ್ರೋಲ್, ನೆಚ್ಚಿಕೊಂಡಿರುವುದು ಈ ಮುನ್ನರಿವನ್ನೇ.

ಕೆಳಗಿನ ಮರಳಿನಲ್ಲಿ ಅದರ ಮೂಲಸೂತ್ರ ಕಣ್ಣಿಗೇ ಕಾಣುತ್ತದೆ. ದಡಕ್ಕೆ ಬಡಿದು ಮರಳುವ ನೀರು ಎದುರಿನಿಂದ ಬರುವ ಅಲೆಗೆ ಸಿಕ್ಕಾಗ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂಡಿದಲ್ಲಿ ನೀರು ಸಮತಟ್ಟಾಗುತ್ತದೆ. ಉಬ್ಬಿಗೆ ಉಬ್ಬು ಕೂಡಿದಲ್ಲಿ ಇನ್ನಷ್ಟು ಏಳುತ್ತದೆ. ಗಾಳಿಯಲ್ಲಿ ಸದ್ದೂ ಹೀಗೆಯೇ. ಒಂದು ಮೈಕು ಗದ್ದಲವನ್ನು ಕೇಳಿಸಿಕೊಳ್ಳುತ್ತದೆ, ಪ್ರೊಸೆಸರು ಅದರ ತಲೆಕೆಳಗಾದ ರೂಪವನ್ನು ಕಟ್ಟುತ್ತದೆ, ಸ್ಪೀಕರು ಅದನ್ನು ಹೊರಡಿಸುತ್ತದೆ. ಅಳಿಯದೆ ಉಳಿದ ಸದ್ದನ್ನು ಮತ್ತೊಂದು ಮೈಕು ಹಿಡಿದು ತಿಳಿಸುತ್ತದೆ. ಪ್ರೊಸೆಸರು ಕ್ಷಣಕ್ಷಣವೂ ತಿದ್ದಿಕೊಳ್ಳುತ್ತದೆ.

ಜರ್ಮನಿಯ ಪೌಲ್ ಲ್ಯೂಗ್ ಈ ಉಪಾಯಕ್ಕೆ 1933ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಅಷ್ಟು ಚುರುಕಾಗಿ ಲೆಕ್ಕ ಹಾಕಬಲ್ಲ ಯಂತ್ರವಿಲ್ಲದೆ ಅದು ದಶಕಗಟ್ಟಲೆ ಕಾಗದದಲ್ಲೇ ಉಳಿಯಿತು. ನಮ್ಮ ರಾಜ್ಯದಲ್ಲೂ ಇದರ ಬೇರಿದೆ. ಎಂಜಿನ್ನಿನ ಸೈಲೆನ್ಸರುಗಳ ಶಾಸ್ತ್ರವನ್ನೇ ಬೆಳೆಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಲ್. ಮುಂಜಾಲ್, ಕೊಳವೆಯೊಳಗೆ ಸದ್ದು ಸದ್ದನ್ನು ಅಡಗಿಸುವ ಬಗೆಯ ಗಣಿತವನ್ನು ಎಲ್.ಜೆ. ಎರಿಕ್ಸನ್ ಜೊತೆ 1988ರಲ್ಲಿ ಪ್ರಕಟಿಸಿದರು. ಹುಬ್ಬಳ್ಳಿಗೆ ಹಾರುತ್ತಿದ್ದ ಕ್ಯೂ400 ವಿಮಾನದ ಒಳಗೂ ಈ ತಂತ್ರವಿತ್ತು: ಒಳಮೈಯಲ್ಲಿ ಮೈಕುಗಳು, ಚೌಕಟ್ಟಿನಲ್ಲಿ ಪ್ರೊಪೆಲ್ಲರಿನ ನಡುಕಕ್ಕೆ ಎದುರುನಡುಕ ಕೊಡುವ ಕಂಪಕಗಳು.

ಹಾಗಾದರೆ ಅಪ್ಸರಕೊಂಡದ ನೆತ್ತಿಯಲ್ಲಿ ನಾಲ್ಕು ಸ್ಪೀಕರು ನೆಟ್ಟು ಹೆದ್ದಾರಿಯ ಬಾಯಿ ಮುಚ್ಚಿಸಬಹುದೇ? ಆಗದು. ಸದ್ದು ಅಡಗುವ ಜಾಗ ಅದರ ಅಲೆಯುದ್ದದ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಸೆಕೆಂಡಿಗೆ 100 ಕಂಪನದ ಸದ್ದಿನ ಅಲೆಯುದ್ದ 3.4 ಮೀಟರ್, ಶಾಂತವಾಗುವುದು ಕಿವಿಯ ಸುತ್ತಲಿನ ಒಂದಡಿ. 1,000 ಕಂಪನದ ಸದ್ದಿಗೆ ಒಂದೂವರೆ ಅಂಗುಲವೂ ದಕ್ಕದು. ಆ ವಲಯದ ಹೊರಗೆ ಗದ್ದಲ ಹೆಚ್ಚಲೂಬಹುದು. ಗುಣವಂತೆಯ ಕಡೆಯಿಂದ ರಾತ್ರಿ ತೇಲಿಬರುವ ಚಂಡೆಯ ಪೆಟ್ಟಿನಂಥ ಹಠಾತ್ ಸದ್ದಿಗೆ ಎದುರುಸದ್ದು ಸಿದ್ಧವಾಗುವಷ್ಟರಲ್ಲಿ ಪೆಟ್ಟು ಮುಗಿದಿರುತ್ತದೆ. ಲಾರಿಯ ಕರ್ಕಶ ಹಾರ್ನಿಗೂ ಇದೇ ಮಾತು. ಗುಡ್ಡಕ್ಕೆ ಬೇಕಾದುದು ಹಾರ್ನಿನ ಮೇಲೆ ಹಿಡಿತ, ತೂತು ಬೀಳದ ಸೈಲೆನ್ಸರು. ಎದುರಿನ ಕಡಲೀಗ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮಕ್ಕೆ ಸೇರಿದೆ. ಸದ್ದಿನಿಂದಲೇ ದಾರಿ ಹುಡುಕುವ ಡಾಲ್ಫಿನ್ನುಗಳಿಗೆ ನೆರವಾಗುವುದೂ ನೆಟ್ಟಗಿರುವ ಪ್ರೊಪೆಲ್ಲರು ಮತ್ತು ತಗ್ಗಿದ ವೇಗ.

ಒಂದಡಿಯ ಶಾಂತಿ ನಿಜಕ್ಕೂ ಬೇಕಾಗಿರುವುದು ಬೋಟಿನ ಒಳಗೆ. ತಾಂಡೇಲ ಹಗಲುರಾತ್ರಿ ಎಂಜಿನ್ನಿನ ಮೇಲೆಯೇ ನಿಂತಂತೆ ಚುಕ್ಕಾಣಿ ಹಿಡಿದಿರುತ್ತಾನೆ. ವಾಯರ್‌ಲೆಸ್ಸಿನ ಮಾತು ಕೇಳದೆ ಕಿರುಚುತ್ತಾನೆ. ದಡಕ್ಕೆ ಬಂದ ಮೇಲೂ ಮನೆಯವರೊಂದಿಗೆ ಗಟ್ಟಿಯಾಗಿಯೇ ಮಾತಾಡುತ್ತಾನೆ. ದುಬಾರಿ ಕಾರಿನ ಹಿಂದಿನ ಸೀಟಿಗೆ ಸಿಕ್ಕಿದ ಸೌಕರ್ಯ ಅವನ ಕ್ಯಾಬಿನ್ನಿಗೆ ಸಿಗಬೇಕೆಂಬುದು ನನ್ನ ಗಟ್ಟಿ ನಿಲುವು. ತಲೆಯ ಎರಡೂ ಬದಿಗೆ ಸ್ಪೀಕರು, ಎಂಜಿನ್ನಿನ ಸುತ್ತನ್ನು ಎಣಿಸುವ ಒಂದು ಸೆನ್ಸರು, ಸಣ್ಣ ಪ್ರೊಸೆಸರು ಇದ್ದರೆ ಕೆಳಸ್ವರದ ಗುಡುಗು ತಗ್ಗಿ, ಮೇಲುಸ್ವರದ ಮಾತು ಉಳಿಯುತ್ತದೆ. ಉಪ್ಪುಗಾಳಿ ತಾಳುವಂತೆ, ಹೊನ್ನಾವರದ ದಕ್ಕೆಯಲ್ಲೇ ರಿಪೇರಿಯಾಗುವಂತೆ ಅದನ್ನು ಕಟ್ಟಿಕೊಡುವ ಕೆಲಸಕ್ಕೆ ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳು ಕೈಹಾಕಲಿ. ಮುಂದಿನ ನಿಷೇಧದ ಎರಡು ತಿಂಗಳಲ್ಲಿ, ಬೋಟುಗಳು ದಕ್ಕೆಯಲ್ಲಿರುವಾಗಲೇ, ಒಂದಕ್ಕಾದರೂ ಕೂರಿಸಿ ನೋಡಲಿ.