ತಾಳಗುಪ್ಪ: ಹಳಿ ವಿಶ್ರಮಿಸುವ ಊರು

(ದೃಶ್ಯ: ಮಂಜಿನ ನಡುವೆ ಕೊನೆಗೊಳ್ಳುವ ಹಳಿ)

ಬೀರೂರಿನಲ್ಲಿ ಮುಖ್ಯಮಾರ್ಗದಿಂದ ಕವಲೊಡೆದು, ಭದ್ರಾವತಿ, ಶಿವಮೊಗ್ಗೆಗಳನ್ನು ಹಾದು, ಅರಸಾಳು, ಆನಂದಪುರ, ಸಾಗರಗಳ ಹಸುರಿನೊಳಗೆ ಸಾಗಿಬರುವ ಉಕ್ಕಿನ ಹಾದಿಯು, ಮುಂದೆ ಚಲಿಸಲು ಹಳಿಯಿಲ್ಲದೆ ವಿಶ್ರಮಿಸುವ ಊರೇ ತಾಳಗುಪ್ಪ.

(ದೃಶ್ಯ: ಹಳೆಯ ನಿಲ್ದಾಣ)

1899ರಲ್ಲಿ ಶಿವಮೊಗ್ಗೆಯನ್ನು ಮುಟ್ಟಿದ್ದ ಮೀಟರ್ ಗೇಜ್ ಮಾರ್ಗವು, ಘಟ್ಟದ ಕಾಡುಗಳನ್ನು ಹಂತಹಂತವಾಗಿ ಭೇದಿಸುತ್ತ, ಶರಾವತಿಯ ಜಲಶಕ್ತಿಯನ್ನು ವಿದ್ಯುಚ್ಛಕ್ತಿಯನ್ನಾಗಿಸುವ ಮಹತ್ಕಾರ್ಯವು ಜೋಗದಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೇ, 1940ರಲ್ಲಿ, ಇಲ್ಲಿಗೆ ತಲಪಿತು. ಮುಂದೆ ಬಸ್ಸಿನ ಆಕಾರದ ಪುಟ್ಟ ರೈಲುಬಸ್ಸೊಂದು ಇದೇ ಹಳಿಗಳ ಮೇಲೆ ಮಲೆನಾಡಿಗರನ್ನು ಹೊತ್ತು ಸಂಚರಿಸಿತು. ಇದೇ ದಾರಿಯ ಅರಸಾಳು ನಿಲ್ದಾಣವನ್ನು ಶಂಕರ್ ನಾಗ್ ಅವರು ತಮ್ಮ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವನ್ನಾಗಿಸಿ ಅಮರಗೊಳಿಸಿದರು. ಆ ಹಳೆಯ ಕಟ್ಟಡವು ಇಂದು ವಸ್ತುಸಂಗ್ರಹಾಲಯವಾಗಿದೆ.

(ದೃಶ್ಯ: ಮುಂಜಾನೆಯ ರೈಲು)

2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್ ಗೇಜ್ ಪೂರ್ಣಗೊಂಡ ಮೇಲೆ, ಮೈಸೂರು, ಬೆಂಗಳೂರುಗಳಿಂದ ನೇರ ರೈಲುಗಳು ಬರತೊಡಗಿದವು. ರಾಜಧಾನಿಯಲ್ಲಿ ರಾತ್ರಿ ಹತ್ತಿ ಕಣ್ಮುಚ್ಚಿದ ಪಯಣಿಗನು ಬೆಳಗಿನಲ್ಲಿ ಇಲ್ಲಿ ಇಳಿದರೆ, ಜೋಗದ ಜಲಪಾತವು ಇನ್ನು ಸುಮಾರು 15 ಕಿಲೋಮೀಟರ್ ಮಾತ್ರ.

(ದೃಶ್ಯ: ನಿರ್ಗಮಿಸುವ ರೈಲು)

ಊರಿಗೆ ಮರಳುವ ವಿದ್ಯಾರ್ಥಿಗೂ, ನಗರದ ಆಸ್ಪತ್ರೆಗೆ ತೆರಳುವ ವೃದ್ಧರಿಗೂ, ಜಲಪಾತದ ದರ್ಶನಕ್ಕೆ ಬರುವ ಯಾತ್ರಿಕನಿಗೂ ಸಮಾನವಾಗಿ ಬಾಗಿಲು ತೆರೆದಿರುವ ಈ ಕಿರುನಿಲ್ದಾಣವು ಹಳಿಗೆ ಅಂತ್ಯವಾಗಿರಬಹುದು. ಮಲೆನಾಡಿಗಾದರೋ ಅದು ಲೋಕದ ಹೆಬ್ಬಾಗಿಲು.