ಅಂಗೈಯಲ್ಲಿ ಬಲಿಪೂಜೆ

ಮನೆಗೆ ಕಾಗದ ಬರೆಯಲು ಅನುಮತಿ ಸಿಕ್ಕಾಗ ಆ ಕೈದಿ ಕೇಳಿದ್ದು ಬಟ್ಟೆ, ಟೂತ್‌ಪೇಸ್ಟ್ ಮತ್ತು ಹೊಟ್ಟೆನೋವಿಗೆ ಒಂದಿಷ್ಟು ದ್ರಾಕ್ಷಾರಸ. ಭಕ್ತರಿಗೆ ಗುಟ್ಟು ಅರ್ಥವಾಯಿತು. ಔಷಧದ ಚೀಟಿ ಅಂಟಿಸಿದ ಪುಟ್ಟ ಬಾಟಲಿ ಬಂತು. ಕ್ಯಾಥೊಲಿಕ್ ಬಲಿಪೂಜೆಯ (ಮಾಸ್) ರೊಟ್ಟಿ ಟಾರ್ಚಿನೊಳಗೆ ಅಡಗಿ ಬಂತು. ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು. ಅಂಗೈಯೇ ಪೂಜಾಪೀಠ.

ಕೈದಿಯ ಹೆಸರು ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್. 1928ರಲ್ಲಿ ವಿಯೆಟ್ನಾಮಿನ ಹ್ಯೂನಲ್ಲಿ ಹುಟ್ಟಿದವರು. ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ನ್ಗೋ ದಿನ್ ದಿಯೆಮ್ ಇವರ ಸೋದರಮಾವ. ಇನ್ನೊಬ್ಬ ಸೋದರಮಾವ ಆರ್ಚ್‌ಬಿಷಪ್. 1953ರಲ್ಲಿ ಗುರುದೀಕ್ಷೆ, ರೋಮಿನಲ್ಲಿ ಧರ್ಮಸಭೆಯ ಕಾನೂನಿನಲ್ಲಿ ಡಾಕ್ಟರೇಟ್, 1967ರಲ್ಲಿ ನ್ಯಾ ಟ್ರಾಂಗ್‌ನ ಬಿಷಪ್. 1975ರ ಏಪ್ರಿಲ್ 24ರಂದು ಪೋಪ್ ಇವರನ್ನು ಸೈಗಾನ್‌ನ ಸಹ ಆರ್ಚ್‌ಬಿಷಪ್ ಆಗಿ ನೇಮಿಸಿದರು. ಆರೇ ದಿನಕ್ಕೆ ನಗರ ಕಮ್ಯುನಿಸ್ಟರ ವಶವಾಯಿತು. ಆಗಸ್ಟ್ 15ರಂದು, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನವೇ, ಬಂಧನ. ಧರ್ಮದಷ್ಟೇ ದಿಯೆಮ್ ವಂಶದ ನಂಟೂ ಅವರಿಗೆ ಮುಳುವಾಯಿತೆಂದು ನನಗನಿಸುತ್ತದೆ.

ಮುಂದಿನ 13 ವರ್ಷ ವಿಚಾರಣೆಯೇ ಇಲ್ಲದ ಸೆರೆ, ಅದರಲ್ಲಿ 9 ವರ್ಷ ಏಕಾಂತವಾಸ. ಮೊದಮೊದಲು ಅವರನ್ನು ಕಾಡಿದ್ದು ಹಸಿವಲ್ಲ, ಕೆಲಸ. ಕಟ್ಟಿ ಬೆಳೆಸಿದ ಧರ್ಮಪ್ರಾಂತ್ಯ ಅರ್ಧಕ್ಕೇ ನಿಂತಿತಲ್ಲ ಎಂಬ ಸಂಕಟ. ದೇವರು ಬೇರೆ, ದೇವರ ಕೆಲಸ ಬೇರೆ ಎಂದು ಹೊಳೆದ ಮೇಲೆ ಮನಸ್ಸು ತಹಬಂದಿಗೆ ಬಂತೆಂದು ಅವರೇ ನೆನೆದಿದ್ದಾರೆ. ಹಾಗಂತ ಕೈಕಟ್ಟಿ ಕೂತವರಲ್ಲ. ಗೃಹಬಂಧನದಲ್ಲಿದ್ದಾಗ ಒಬ್ಬ ಹುಡುಗ ತಂದುಕೊಟ್ಟ ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ರಾತ್ರಿಯೆಲ್ಲ ಬರೆದರು. ಅದೇ ‘ದಿ ರೋಡ್ ಆಫ್ ಹೋಪ್’ ಪುಸ್ತಕವಾಯಿತು. ಮುಂದೆ ಕೈದಿಗಳ ಶಿಬಿರದಲ್ಲಿ ದೀಪ ಆರಿದ ಮೇಲೆ ಬಾಯಿಪಾಠದಿಂದಲೇ ಬಲಿಪೂಜೆ. ಸೊಳ್ಳೆಪರದೆಯಡಿ ಕೈಯಿಂದ ಕೈಗೆ ಪ್ರಸಾದ. ಅದನ್ನು ಕಾಪಿಡಲು ಸಿಗರೇಟು ಪ್ಯಾಕಿನ ಕಾಗದ!

ಹನೋಯಿಯ ಸೆರೆಯಲ್ಲಿ ಕಾವಲುಗಾರರು ಇವರ ಸ್ನೇಹಕ್ಕೆ ಬೀಳದಿರಲೆಂದು ಅಧಿಕಾರಿಗಳು ಎರಡು ವಾರಕ್ಕೊಮ್ಮೆ ಕಾವಲಿನವರನ್ನು ಬದಲಿಸುತ್ತಿದ್ದರು. ಹೀಗೇ ಬಿಟ್ಟರೆ ಇಡೀ ಪೊಲೀಸ್ ಪಡೆಯೇ ಕೈತಪ್ಪೀತೆಂದು ಕೊನೆಗೆ ಬದಲಿಸುವುದನ್ನೂ ಕೈಬಿಟ್ಟರು. ಒಬ್ಬ ಕಾವಲುಗಾರನಂತೂ ಇವರಿಂದ ಲ್ಯಾಟಿನ್ ಸ್ತೋತ್ರ ಕಲಿತು, ಬೆಳಗಿನ ವ್ಯಾಯಾಮಕ್ಕೆ ಹೋಗುವಾಗ ಹಾಡಿಕೊಳ್ಳುತ್ತಿದ್ದ. ಮತ್ತೊಬ್ಬ ವಿದ್ಯುತ್ ತಂತಿ ಕತ್ತರಿಸಲು ಇಕ್ಕಳ ತಂದುಕೊಟ್ಟ. ಸೋಪಿನೊಳಗೆ ಬಚ್ಚಿಟ್ಟಿದ್ದ ಮರದ ಶಿಲುಬೆಗೆ ಆ ತಂತಿಯಿಂದ ಸರಪಳಿಯಾಯಿತು.

1988ರ ನವೆಂಬರ್ 21ರಂದು ಬಿಡುಗಡೆ. 1991ರಲ್ಲಿ ದೇಶದಾಚೆ ಹೋದವರಿಗೆ ತಾಯ್ನಾಡಿಗೆ ಮರಳುವ ದಾರಿ ಮುಚ್ಚಿತು. ರೋಮಿನಲ್ಲಿ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಮಂಡಳಿಯ ಹೊಣೆ. 2000ದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರಿಗೇ ತಪಸ್ಸುಕಾಲದ ಧ್ಯಾನಕೂಟ ನಡೆಸಿಕೊಟ್ಟರು. 2001ರಲ್ಲಿ ಕಾರ್ಡಿನಲ್. ಮರುವರ್ಷ ಸೆಪ್ಟೆಂಬರ್ 16ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಒಂದೆಡೆ ತರುವ ಗ್ರಂಥದ ಕೆಲಸ ಆಗ ಇವರ ಮಂಡಳಿಯಲ್ಲಿ ನಡೆದಿತ್ತು. ಅದು ಹೊರಬಂದದ್ದು 2004ರಲ್ಲಿ.